ಸೋನಾರ್‌ನಲ್ಲಿ ಮೀನಿದೆ, ಗಾಳಕ್ಕೆ ಬರುತ್ತಿಲ್ಲ: ಮಿಷಿಗನ್ ಸರೋವರದಲ್ಲಿ ಸಾಲ್ಮನ್ ಟ್ರೋಲಿಂಗ್

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಈಗ ಅಮೆರಿಕದ ಮಿಲ್ವಾಕಿ ಬಳಿ ನೆಲೆಸಿದ್ದೇನೆ. ಚಿಕ್ಕಂದಿನಲ್ಲಿ ತುಂಗೆಯಲ್ಲಿ ಗಾಳ ಹಾಕಿ ರೂಢಿ. ಕಳೆದ ವರ್ಷ ಎರಡು ಡೌನ್‌ರಿಗ್ಗರ್ (ಕೇಬಲ್‌ನಲ್ಲಿ ಭಾರದ ಗುಂಡು ಇಳಿಸಿ ಗಾಳವನ್ನು ಆಳಕ್ಕೆ ಒಯ್ಯುವ ಸಾಧನ) ಇರುವ 20 ಅಡಿಯ ಹಳೆಯ ದೋಣಿಯೊಂದನ್ನು ಕೊಂಡೆ. ಜುಲೈ, ಆಗಸ್ಟ್‌ನಲ್ಲಿ ಮಿಷಿಗನ್ ಸರೋವರಕ್ಕೆ ಇಳಿದಾಗ ಸೋನಾರ್‌ನಲ್ಲಿ ಮೀನು ಬೇಕಾದಷ್ಟು ಕಾಣುತ್ತದೆ, ಕಚ್ಚುವುದು ಮಾತ್ರ ಅಪರೂಪ. ಪಕ್ಕದ ದೋಣಿಯವರು ಒಂದರ ಮೇಲೊಂದು ಎಳೆದು ಹಾಕುತ್ತಿರುತ್ತಾರೆ. ನನ್ನ ಪೆಟ್ಟಿಗೆಯ ತುಂಬ ಬಣ್ಣಬಣ್ಣದ ಸ್ಪೂನ್‌ಗಳಿವೆ (ಚಮಚದಂಥ ಲೋಹದ ಗಾಳ). ಇನ್ನೂ ಯಾವುದನ್ನು ಕೊಳ್ಳಬೇಕು? ಹಾಗೆಯೇ, ಈ ಸರೋವರದ ಮೀನನ್ನು ಮಕ್ಕಳಿಗೆ ಕೊಡಬಹುದೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ ಪೆಟ್ಟಿಗೆಯಲ್ಲಿ ಈಗಿರುವ ಸ್ಪೂನ್‌ಗಳಿಗೇ ಮೀನು ಬೀಳುತ್ತದೆ. ನಿಮಗೆ ತಿಳಿಯದೆ ಇರುವುದು ಎರಡು ಸಂಗತಿ: ನಿಮ್ಮ ಸ್ಪೂನ್ ನಿಜವಾಗಿ ಎಷ್ಟು ಆಳದಲ್ಲಿದೆ, ಆ ಆಳದಲ್ಲಿ ಅದು ಎಷ್ಟು ವೇಗದಲ್ಲಿ ಓಡುತ್ತಿದೆ. ಪಕ್ಕದ ದೋಣಿಯವರಿಗೆ ಇವೆರಡೂ ಗೊತ್ತಿವೆ. ಬಣ್ಣದ ಮಾತು ಆಮೇಲಿನದು.

ತುಂಗೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಬಿಟ್ಟು ಕೂತರೆ ಮೀನೇ ಹುಡುಕಿಕೊಂಡು ಬರುತ್ತಿತ್ತು. ಮಿಷಿಗನ್ ಸರೋವರ 300 ಮೈಲಿಗೂ ಹೆಚ್ಚು ಉದ್ದ, ಅತಿ ಆಳದ ಜಾಗದಲ್ಲಿ 923 ಅಡಿ. ಇಷ್ಟು ನೀರಿನಲ್ಲಿ ಸಾಲ್ಮನ್ ಎಲ್ಲೆಂದರಲ್ಲಿ ಇರುವುದಿಲ್ಲ. ಅದಕ್ಕೆ ಒಪ್ಪುವ ತಂಪು, ಅದಕ್ಕೆ ಬೇಕಾದ ಆಹಾರ ಎರಡೂ ಕೂಡುವ ಒಂದು ತೆಳುವಾದ ಪದರದಲ್ಲಿ ಇರುತ್ತದೆ. ದೋಣಿ ನಿಧಾನವಾಗಿ ಓಡಿಸುತ್ತ ಗಾಳವನ್ನು ಆ ಪದರದೊಳಗೇ ಎಳೆದುಕೊಂಡು ಹೋಗುವುದೇ ಟ್ರೋಲಿಂಗ್.

ಮೊದಲು ಆಹಾರದ ವಿಷಯ. ಸಾಲ್ಮನ್ ಈ ಸರೋವರದ ಹುಟ್ಟುನಿವಾಸಿಯಲ್ಲ. ಇಲ್ಲಿನ ಮೂಲ ಬೇಟೆಗಾರ ಲೇಕ್ ಟ್ರೌಟ್. ಅಟ್ಲಾಂಟಿಕ್ ಕಡೆಯಿಂದ ಬಂದ ಸೀ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ, ಜೊತೆಗೆ ಮಿತಿಮೀರಿದ ಬಲೆಗಾರಿಕೆ, ಇವೆರಡೂ ಸೇರಿ ಆ ಟ್ರೌಟನ್ನು ಮುಗಿಸಿಬಿಟ್ಟವು (ಈಗ ಇರುವವು ಆಮೇಲೆ ಮತ್ತೆ ಮರಿ ಬಿಟ್ಟು ಬೆಳೆಸಿದವು). ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಬೆಳ್ಳಿ ಬಣ್ಣದ ಪುಟ್ಟ ಮೀನು ಬೇಕಾಬಿಟ್ಟಿ ಬೆಳೆಯಿತು. 1949ರಲ್ಲಿ ಈ ಸರೋವರದಲ್ಲಿ ಮೊದಲು ಕಂಡ ಈ ಮೀನು 1967ರ ಬೇಸಿಗೆಯಲ್ಲಿ ರಾಶಿ ರಾಶಿಯಾಗಿ ಸತ್ತು ದಡಕ್ಕೆ ಬಂದು ಬಿತ್ತು, ಶಿಕಾಗೋದ ತೀರವೆಲ್ಲ ನಾರಿತು. ಆ ವೇಳೆಗಾಗಲೇ ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹೊವಾರ್ಡ್ ಟ್ಯಾನರ್ ಪೆಸಿಫಿಕ್ ತೀರದಿಂದ ಸಾಲ್ಮನ್ ತರಿಸಿದ್ದರು. 1966ರಲ್ಲಿ ಕೊಹೊ ಮರಿಗಳನ್ನು ಬಿಟ್ಟರು, 1967ರಲ್ಲಿ ಚಿನೂಕ್ ಮರಿಗಳನ್ನು. ನೀವು ಹುಡುಕುತ್ತಿರುವ ದೊಡ್ಡ ಮೀನು ಈ ಚಿನೂಕ್. ಇಲ್ಲಿಯವರು ಅದನ್ನು ಕಿಂಗ್ ಎನ್ನುತ್ತಾರೆ. 2021ರಲ್ಲಿ ಲಡಿಂಗ್ಟನ್ ಬಳಿ 47 ಪೌಂಡ್ ಮೀರಿದ ಒಂದು ಸಿಕ್ಕಿತ್ತು.

ಈ ಚರಿತ್ರೆ ನಿಮ್ಮ ಗಾಳಕ್ಕೂ ಬೇಕು. ಲೇಕ್ ಟ್ರೌಟ್ ಏಲ್‌ವೈಫ್ ಸಿಗದಿದ್ದರೆ ತಳದ ಗೋಬಿ ಮೀನನ್ನಾದರೂ ತಿಂದು ಬದುಕುತ್ತದೆ. ಚಿನೂಕ್ ಹಾಗಲ್ಲ, ಅದರ ಹೊಟ್ಟೆ ಸೀಳಿದರೆ ಹೆಚ್ಚುಕಡಿಮೆ ಏಲ್‌ವೈಫೇ ಸಿಗುತ್ತದೆ. ಪಕ್ಕದ ಹ್ಯೂರನ್ ಸರೋವರದಲ್ಲಿ 2003-04ರ ಸುಮಾರಿಗೆ ಏಲ್‌ವೈಫ್ ನೆಲಕಚ್ಚಿದಾಗ ಚಿನೂಕ್ ಕೂಡ ಅದರ ಹಿಂದೆಯೇ ಕುಸಿಯಿತು. ಆದ್ದರಿಂದ ಸೋನಾರ್‌ನಲ್ಲಿ ಒಂಟಿ ಮೀನಿನ ಕಮಾನುಗಳಿಗಿಂತ ಮೊದಲು ಮೋಡದಂತೆ ಕಾಣುವ ಏಲ್‌ವೈಫ್ ಗುಂಪನ್ನು ಹುಡುಕಿ. ಆ ಮೋಡವಿಲ್ಲದ ಕಡೆ ಗಾಳ ಎಳೆಯುತ್ತ ಬೆಳಗು ಕಳೆಯಬೇಡಿ.

ಇನ್ನು ತಂಪಿನ ಲೆಕ್ಕ. ಬೇಸಿಗೆಯಲ್ಲಿ ಸರೋವರದ ನೀರು ಪದರ ಪದರವಾಗುತ್ತದೆ. ಮೇಲೆ 65-70 ಡಿಗ್ರಿ ಫ್ಯಾರನ್‌ಹೀಟಿನ ಬೆಚ್ಚಗಿನ ನೀರು, ಕೆಳಗೆ 40ರ ಆಸುಪಾಸಿನ ಕೊರೆಯುವ ನೀರು, ನಡುವೆ ಕೆಲವೇ ಅಡಿಗಳಲ್ಲಿ ಉಷ್ಣತೆ ಧಡಕ್ಕನೆ ಇಳಿಯುವ ಪಟ್ಟಿ. ಇದೇ ಥರ್ಮೋಕ್ಲೈನ್. ಏಲ್‌ವೈಫ್‌ಗೆ ಸ್ವಲ್ಪ ಬೆಚ್ಚಗಿರಬೇಕು, ಚಿನೂಕ್‌ಗೆ 50ರಿಂದ 55 ಡಿಗ್ರಿಯ ತಂಪು ಬೇಕು. ಎರಡೂ ಮುಖಾಮುಖಿಯಾಗುವುದು ಈ ಪಟ್ಟಿಯ ಅಂಚಿನಲ್ಲಿ. ಸ್ಟೀಲ್‌ಹೆಡ್ ಎಂಬ ಟ್ರೌಟ್ ಇದಕ್ಕಿಂತ ಮೇಲೆ, ಎಷ್ಟೋ ಸಲ ಮೇಲ್ನೀರಿನಲ್ಲೇ ತಿರುಗುತ್ತದೆ. ಲೇಕ್ ಟ್ರೌಟ್ ಇನ್ನೂ ಕೆಳಗೆ, 45-50 ಡಿಗ್ರಿಯಲ್ಲಿ, ತಳಕ್ಕೆ ಹತ್ತಿಕೊಂಡು ಇರುತ್ತದೆ. ನಿಮಗೆ ಕಂಡು ಕಚ್ಚದ ಮೀನುಗಳಲ್ಲಿ ತಳಕ್ಕೆ ಅಂಟಿದ್ದವು ಬಹುಶಃ ಲೇಕ್ ಟ್ರೌಟೇ ಇರಬೇಕು. ಅವುಗಳ ತಲೆಯ ಮೇಲೆ 30 ಅಡಿ ಎತ್ತರದಲ್ಲಿ ವೇಗವಾಗಿ ಸ್ಪೂನ್ ಎಳೆದರೆ ತಿರುಗಿಯೂ ನೋಡುವುದಿಲ್ಲ.

ಈ ಪಟ್ಟಿ ದಿನವೂ ಒಂದೇ ಆಳದಲ್ಲಿ ಕೂತಿರುವುದಿಲ್ಲ. ನಿನ್ನೆ 60 ಅಡಿಯಲ್ಲಿ ಮೀನು ಸಿಕ್ಕಿತೆಂದು ಇವತ್ತೂ ಗುಂಡನ್ನು 60ಕ್ಕೆ ಇಳಿಸುವವರೇ ಹೆಚ್ಚು. ರಾತ್ರಿ ಗಾಳಿ ತಿರುಗಿದ್ದರೆ ಪಟ್ಟಿ 30ಕ್ಕೆ ಏರಿರಬಹುದು, 90ಕ್ಕೆ ಇಳಿದಿರಬಹುದು. ನೀವಿರುವುದು ಪಶ್ಚಿಮ ದಡದಲ್ಲಿ. ಅಲ್ಲಿ ಪಶ್ಚಿಮದ ಇಲ್ಲವೆ ದಕ್ಷಿಣದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಸರೋವರದ ನಡುವಿಗೆ ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ದಡದ ಹತ್ತಿರವೇ ಎದ್ದು ಬರುತ್ತದೆ. ಪಶ್ಚಿಮದ ಗಾಳಿಯ ಮಾತು ಸುಲಭ, ಅದು ನೀರನ್ನು ನೇರವಾಗಿ ಆಚೆ ತಳ್ಳುತ್ತದೆ. ದಕ್ಷಿಣದ ಗಾಳಿಗೆ ಕಾರಣ ಭೂಮಿಯ ತಿರುಗುವಿಕೆ: ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ನೀರು ಒಟ್ಟಾರೆಯಾಗಿ ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಬೀಸುವ ಗಾಳಿಗೆ ಬಲಗಡೆ ಎಂದರೆ ಪೂರ್ವ, ಅಂದರೆ ನಿಮ್ಮ ದಡದಿಂದ ಆಚೆ. ಉತ್ತರ ಅಥವಾ ಈಶಾನ್ಯದ ಗಾಳಿಯಲ್ಲಿ ಎಲ್ಲ ತಿರುವುಮುರುವು. ಬೆಚ್ಚಗಿನ ನೀರು ನಿಮ್ಮ ದಡಕ್ಕೆ ಬಂದು ಒಟ್ಟಾಗುತ್ತದೆ, ತಂಪು ಆಳಕ್ಕೆ ಜಾರುತ್ತದೆ, ಎದುರಿನ ಮಿಷಿಗನ್ ದಡದವರಿಗೆ ಹಬ್ಬ. ದೋಣಿ ಇಳಿಸುವ ಹಿಂದಿನ ರಾತ್ರಿ ಮೀನು ಎಲ್ಲಿ ಸಿಕ್ಕಿತು ಎಂಬ ಸುದ್ದಿ ಹುಡುಕುವ ಬದಲು ಕಳೆದ ಮೂರು ದಿನದ ಗಾಳಿಯ ದಿಕ್ಕನ್ನು ನೋಡಿ. ನನಗೆ ಇದಕ್ಕಿಂತ ನಂಬಿಕೆಯ ಸುಳಿವು ಬೇರೆ ಇಲ್ಲ.

ಪಟ್ಟಿ ಎಲ್ಲಿದೆ ಎಂದು ನೀರಿನ ಮೇಲೆ ತಿಳಿಯುವುದು ಹೇಗೆ? ಡೌನ್‌ರಿಗ್ಗರ್ ಕೇಬಲ್‌ಗೆ ಕಟ್ಟಿ ಇಳಿಸುವ ಪ್ರೋಬ್ ಇದ್ದರೆ ಆ ಆಳದ ಉಷ್ಣತೆ, ವೇಗ ಎರಡನ್ನೂ ಮೇಲಕ್ಕೆ ತಿಳಿಸುತ್ತದೆ. ಮುಂದೆ ಎಂದಾದರೂ ಹಣ ಖರ್ಚು ಮಾಡುವುದಿದ್ದರೆ ಸ್ಪೂನ್‌ಗಳಿಗಲ್ಲ, ಇದಕ್ಕೆ ಮಾಡಿ. ಅಲ್ಲಿಯವರೆಗೆ ಸೋನಾರ್‌ನ ಸೆನ್ಸಿಟಿವಿಟಿ ಏರಿಸಿ ನೋಡಿ, ಥರ್ಮೋಕ್ಲೈನ್ ಇರುವ ಕಡೆ ಮಬ್ಬಾದ ಅಡ್ಡಪಟ್ಟಿಯೊಂದು ಕಾಣುತ್ತದೆ. ಇನ್ನೂ ಸರಳ ಉಪಾಯ ಬೇಕೆಂದರೆ ಗುಂಡನ್ನು ಒಂದು ಆಳದಲ್ಲಿ ಐದು ನಿಮಿಷ ಬಿಟ್ಟು ತಟ್ಟನೆ ಮೇಲೆತ್ತಿ ಕೈಯಿಂದ ಮುಟ್ಟಿ. ತಣ್ಣೀರಿನಿಂದ ಬಂದ ಸೀಸದ ಗುಂಡು ಅಂಗೈಗೆ ಸ್ಪಷ್ಟವಾಗಿ ಹೇಳಿಬಿಡುತ್ತದೆ.

ಈಗ ನಿಮ್ಮ ಡೌನ್‌ರಿಗ್ಗರ್ ಮೇಲಿನ ಅಡಿ ತೋರಿಸುವ ಕೌಂಟರ್‌ಗೆ ಬರೋಣ. ಅದು ತೋರಿಸುವುದು ಬಿಟ್ಟ ಕೇಬಲ್‌ನ ಉದ್ದ, ಗುಂಡಿನ ಆಳವಲ್ಲ. ದೋಣಿ ಚಲಿಸುವಾಗ ಗುಂಡು ಹಿಂದಕ್ಕೆ ಜಗ್ಗುತ್ತದೆ, ಕೇಬಲ್ ಓರೆಯಾಗುತ್ತದೆ. ಲಂಬದಿಂದ 30 ಡಿಗ್ರಿ ಓರೆಯಾದರೆ 100 ಅಡಿ ಬಿಟ್ಟ ಗುಂಡು ಇರುವುದು ಸುಮಾರು 87 ಅಡಿಯಲ್ಲಿ. ಮೀನಿರುವ ಪಟ್ಟಿಯೇ ಹತ್ತು ಹದಿನೈದು ಅಡಿ ದಪ್ಪವಿರುವಾಗ ಇದು ಸಣ್ಣ ವ್ಯತ್ಯಾಸವಲ್ಲ. ಹಳೆಯ ದೋಣಿ ಎಂದಿದ್ದೀರಿ, ಗುಂಡು ಎಷ್ಟು ತೂಕದ್ದೆಂದು ನೋಡಿ. 6 ಅಥವಾ 8 ಪೌಂಡ್ ಇದ್ದರೆ ಆಳಕ್ಕೆ ಸಾಲದು, 12 ಪೌಂಡಿನದು ಹಾಕಿ, ಆದರೆ ನಿಮ್ಮ ಡೌನ್‌ರಿಗ್ಗರ್ ಆ ತೂಕ ತಡೆಯುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸರಿಯಾದ ಸೋನಾರ್‌ನಲ್ಲಿ ನಿಮ್ಮ ಗುಂಡು ಒಂದು ಅಡ್ಡಗೆರೆಯಾಗಿ ಕಾಣುತ್ತದೆ, ಕಂಡರೆ ಅದೇ ಅಳತೆ. ತೀರ ಆಳದಲ್ಲಿ ಗುಂಡು ಸೋನಾರ್ ವ್ಯಾಪ್ತಿಯಿಂದ ಹಿಂದೆ ಉಳಿದು ಕಾಣದಾಗಬಹುದು. ಆಗ ಕೇಬಲ್‌ನ ಓರೆ ನೋಡಿ ಲೆಕ್ಕ ಹಾಕಬೇಕು.

ಸೋನಾರ್‌ನ ಮೀನುಗಳನ್ನು ಕುರಿತೂ ಒಂದು ಮಾತು. 20 ಡಿಗ್ರಿಯ ಕಿರಣ 100 ಅಡಿ ಆಳದಲ್ಲಿ ನೋಡುವುದು ಸುಮಾರು 35 ಅಡಿ ಅಗಲದ ವೃತ್ತವನ್ನು. ಅದರಾಚೆಯ ಮೀನು ನಿಮಗೆ ಕಾಣುವುದೇ ಇಲ್ಲ, ಒಳಗಿನದು ಯಾವ ಪಕ್ಕದಲ್ಲಿದೆ ಎಂದೂ ತಿಳಿಯುವುದಿಲ್ಲ. ಹಾಗಾಗಿ ಒಂದು ಕಮಾನು ಕಂಡ ಕೂಡಲೇ ಗುಂಡು ಏರಿಸುವುದು, ಇನ್ನೊಂದು ಕಂಡರೆ ಇಳಿಸುವುದು ಮಾಡಬೇಡಿ. ಒಂದು ಗಾಳವನ್ನು ಪಟ್ಟಿಯ ಮೇಲಂಚಿಗೆ, ಇನ್ನೊಂದನ್ನು ಹತ್ತು ಅಡಿ ಕೆಳಗೆ ಇಟ್ಟು ಅರ್ಧ ಗಂಟೆ ಮುಟ್ಟದೆ ಬಿಡಿ. ಚಿನೂಕ್ ಸಾಮಾನ್ಯವಾಗಿ ಮೇಲಕ್ಕೆ ಕಣ್ಣಿಟ್ಟು ಬೇಟೆಯಾಡುತ್ತದೆ, ಆದ್ದರಿಂದ ಗಾಳ ಮೀನಿಗಿಂತ ತುಸು ಮೇಲಿರಲಿ, ಕೆಳಗೆ ಬೇಡ.

ವೇಗದ ವಿಷಯದಲ್ಲೇ ನೀವು ಎಡವುತ್ತಿದ್ದೀರಿ ಎಂಬುದು ನನ್ನ ಅನುಮಾನ. ಜಿಪಿಎಸ್ ಗಂಟೆಗೆ 2.5 ಮೈಲಿ ಎಂದರೆ ದೋಣಿ ನೆಲದ ಲೆಕ್ಕದಲ್ಲಿ ಅಷ್ಟು ಓಡುತ್ತಿದೆ ಎಂದಷ್ಟೇ ಅರ್ಥ. 80 ಅಡಿ ಕೆಳಗೆ ಬೇರೆಯೇ ಪ್ರವಾಹವಿರುತ್ತದೆ, ಎಷ್ಟೋ ಸಲ ಮೇಲಿನ ನೀರಿಗೆ ವಿರುದ್ಧ ದಿಕ್ಕಿನಲ್ಲಿ. ಅಲ್ಲಿ ಉತ್ತರಕ್ಕೆ ಹರಿಯುವ, ಗಂಟೆಗೆ ಒಂದು ಮೈಲಿಯ ಪ್ರವಾಹವಿದ್ದರೆ ಉತ್ತರಕ್ಕೆ ಹೋಗುವಾಗ ನಿಮ್ಮ ಸ್ಪೂನ್‌ನ ವೇಗ 1.5 ಮೈಲಿ, ದಕ್ಷಿಣಕ್ಕೆ ತಿರುಗಿದಾಗ 3.5. ಮೊದಲನೆಯದರಲ್ಲಿ ಅದು ಸತ್ತ ಎಲೆಯಂತೆ ಜೋತುಬಿದ್ದಿರುತ್ತದೆ, ಎರಡನೆಯದರಲ್ಲಿ ಗಿರಗಿರನೆ ಸುತ್ತಿ ದಾರ ಹೊಸೆಯುತ್ತದೆ. ಎರಡೂ ಮೀನಿಗೆ ಬೇಡ. ಚಿನೂಕ್‌ಗೆ ಗುಂಡಿನ ಬಳಿ 2.2ರಿಂದ 2.7 ಮೈಲಿ ವೇಗ ಇರಬೇಕು. ಲೇಕ್ ಟ್ರೌಟ್‌ಗೆ ಅದಕ್ಕಿಂತ ನಿಧಾನ, 1.5-2.

ಪ್ರೋಬ್ ಇಲ್ಲದೆ ಇದನ್ನು ಕೇಬಲ್‌ನಿಂದಲೇ ಓದಬಹುದು. ಗಾಳಿ, ಪ್ರವಾಹ ಎರಡೂ ಇಲ್ಲದ ಒಂದು ಬೆಳಗ್ಗೆ 2.5 ಮೈಲಿ ವೇಗದಲ್ಲಿ ಹೋಗುತ್ತ ಕೇಬಲ್ ಎಷ್ಟು ಓರೆಯಾಗುತ್ತದೆಂದು ಕಣ್ಣಿನಲ್ಲಿ ಅಚ್ಚೊತ್ತಿಕೊಳ್ಳಿ, ಬೇಕಾದರೆ ದೋಣಿಯ ಅಂಚಿನಲ್ಲಿ ಬಣ್ಣದ ಗುರುತು ಹಾಕಿ. ಮುಂದೆ ಎಂದಾದರೂ ಅದೇ ಗುಂಡು, ಅದೇ ಆಳಕ್ಕೆ ಅದಕ್ಕಿಂತ ಹೆಚ್ಚು ಓರೆ ಕಂಡರೆ ಕೆಳಗೆ ವೇಗ ಹೆಚ್ಚಿದೆ, ಜಿಪಿಎಸ್ ಏನೇ ಹೇಳಲಿ ಎಂಜಿನ್ ತಗ್ಗಿಸಿ. ಕಡಿಮೆ ಓರೆ ಕಂಡರೆ ಏರಿಸಿ. ಉತ್ತರಕ್ಕೆ ಹೋಗುವಾಗ ಎರಡು ಮೀನು, ದಕ್ಷಿಣಕ್ಕೆ ಬರುವಾಗ ಒಂದೂ ಇಲ್ಲ ಎಂದಾದರೆ ಜಾಗವನ್ನು ಬೈಯಬೇಡಿ, ಬರುವ ದಾರಿಯ ವೇಗ ಸರಿಪಡಿಸಿ.

ತಿರುವುಗಳು ಪುಕ್ಕಟೆ ಪಾಠ ಹೇಳುತ್ತವೆ. ನೇರ ಗೆರೆಯಲ್ಲಿ ಹೋಗುತ್ತಲೇ ಇರಬೇಡಿ, ಆಗಾಗ ನಿಧಾನಕ್ಕೆ ಹಾವಿನ ನಡೆಯಲ್ಲಿ ತಿರುಗಿಸಿ. ತಿರುವಿನ ಒಳಬದಿಯ ಗಾಳ ನಿಧಾನವಾಗಿ ಕೆಳಕ್ಕಿಳಿಯುತ್ತದೆ, ಹೊರಬದಿಯದು ವೇಗ ಪಡೆದು ಮೇಲೇರುತ್ತದೆ. ಯಾವ ಬದಿಯ ರಾಡ್ ಬಾಗಿತು ಎಂಬುದನ್ನು ನೆನಪಿಟ್ಟುಕೊಂಡರೆ ಆ ದಿನ ಮೀನಿಗೆ ಏನು ಬೇಕೆಂದು ತಿಳಿಯಿತು.

ಸಲಕರಣೆಯಲ್ಲಿ ಹೆಚ್ಚು ಹೇಳುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ಒಬ್ಬರಿಗೆ ಮೂರು ಗಾಳದವರೆಗೆ ಅವಕಾಶವಿದೆ, ಆದರೆ ನೀವಿಬ್ಬರೇ ಇದ್ದರೆ ನಾಲ್ಕು ಸಾಕು: ಎರಡು ಡೌನ್‌ರಿಗ್ಗರ್ ಮೇಲೆ, ಎರಡು ಡೈವರ್ ಮೇಲೆ. ಡೈವರ್ ಎಂದರೆ ದಾರಕ್ಕೆ ಕಟ್ಟುವ ಬಟ್ಟಲಿನಂಥ ಬಿಲ್ಲೆ, ಗಾಳವನ್ನು ಕೆಳಕ್ಕೂ ಪಕ್ಕಕ್ಕೂ ಒಯ್ಯುತ್ತದೆ. ಒಂದು ಡೌನ್‌ರಿಗ್ಗರ್‌ಗೆ ಸ್ಪೂನ್, ಇನ್ನೊಂದಕ್ಕೆ ಫ್ಲಾಷರ್ (ಮೀನನ್ನು ಸೆಳೆಯುವ ಹೊಳೆಯುವ ಹಲಗೆ) ಮತ್ತು ಫ್ಲೈ (ಎಳೆಗಳಿಂದ ಕಟ್ಟಿದ ಕೃತಕ ಗಾಳ). ಫ್ಲಾಷರ್ ತಿರುಗುತ್ತ ಹಿಂದಿನ ಫ್ಲೈಯನ್ನು ಜಗ್ಗಿ ಜಗ್ಗಿ ಕುಣಿಸಬೇಕು, ಆದ್ದರಿಂದ ನಡುವಿನ ದಾರ ಎರಡಡಿ ಮೀರದಿರಲಿ. ದಾರವನ್ನು ಡೌನ್‌ರಿಗ್ಗರ್‌ಗೆ ಹಿಡಿದಿಡುವ ಕ್ಲಿಪ್‌ನಿಂದ ಗಾಳದವರೆಗಿನ ಅಂತರ ಆಳದಲ್ಲಿ 10ರಿಂದ 20 ಅಡಿ ಸಾಕು. ನಸುಕಿನಲ್ಲಿ, ಮೇಲ್ನೀರಿನಲ್ಲಿ ಎಳೆಯುವಾಗ ದೋಣಿಯ ಸದ್ದಿಗೆ ಮೀನು ಬೆದರುತ್ತದೆ, ಆಗ 60-100 ಅಡಿ ಹಿಂದೆ ಬಿಡಿ. ಬಣ್ಣಕ್ಕೆ ನನ್ನ ನಿಯಮ ಚಿಕ್ಕದು: ಸೂರ್ಯ ಹುಟ್ಟುವ ಮುನ್ನ ಕತ್ತಲಲ್ಲಿ ಹೊಳೆಯುವ ಗ್ಲೋ, ಬಿಸಿಲೇರಿದ ಮೇಲೆ ಬೆಳ್ಳಿಗೆ ಹಸಿರು ಅಥವಾ ನೀಲಿ ಬೆರೆತದ್ದು. ಕೆಂಪು ಬಣ್ಣ ಆಳದಲ್ಲಿ ಎಲ್ಲಕ್ಕಿಂತ ಮೊದಲು ಮಾಸಿಹೋಗುತ್ತದೆ. ಹೊಸ ಗಾಳ ಇಳಿಸುವ ಮುನ್ನ ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ಆ ವೇಗದಲ್ಲಿ ಅದು ಓಲಾಡುತ್ತದೆಯೇ ಎಂದು ನೋಡಿಯೇ ಇಳಿಸಿ.

ಜುಲೈವರೆಗೆ ಕಾಯಬೇಕಾಗಿಯೂ ಇಲ್ಲ. ಏಪ್ರಿಲ್‌ನಲ್ಲಿ ಬ್ರೌನ್ ಟ್ರೌಟ್ ಬಂದರಿನ ಒಳಗೆ, ದಡದ ಹತ್ತಿರ ಹತ್ತಡಿ ನೀರಿಗೂ ಬರುತ್ತದೆ. ವಸಂತದಲ್ಲಿ ಸರೋವರದ ದಕ್ಷಿಣ ತುದಿಯಲ್ಲಿ ಸೇರಿದ್ದ ಕೊಹೊ ಮೇ ತಿಂಗಳಲ್ಲಿ ಕೆನೋಶಾ, ರಸೀನ್ ದಾಟಿ ಜೂನ್ ಹೊತ್ತಿಗೆ ನಿಮ್ಮ ಮಿಲ್ವಾಕಿಗೆ ಬರುತ್ತದೆ. ಅದು ಮೇಲಿನ ಮೂವತ್ತು ಅಡಿಯಲ್ಲೇ ಗುಂಪಾಗಿ ಓಡಾಡುವ ಮೀನು. ಕಿತ್ತಳೆ ಬಣ್ಣದ ಪುಟ್ಟ ಡಾಡ್ಜರ್ (ಅತ್ತಿತ್ತ ಓಲಾಡುವ ತಗಡು), ಅದರ ಹಿಂದೆ ಎರಡು ಇಂಚಿನ ಫ್ಲೈ, ಇಷ್ಟಿದ್ದರೆ ಹೊಸಬರ ಕೈಗೂ ಸಿಗುತ್ತದೆ. ಕಲಿಯಲು ಕೊಹೊಗಿಂತ ಒಳ್ಳೆಯ ಮೇಷ್ಟ್ರಿಲ್ಲ, ಅಲ್ಲಿಂದಲೇ ಶುರು ಮಾಡಿ. ಆಗಸ್ಟ್ ಕೊನೆಗೆ ಬಲಿತ ಚಿನೂಕ್ ನದಿಗಳ ಬಾಯಿಗೆ ಬಂದು ಸೇರುತ್ತದೆ. ಆ ವೇಳೆಗೆ ಅದು ತಿನ್ನುವುದನ್ನೇ ಬಿಡುತ್ತ ಬಂದಿರುತ್ತದೆ, ಕಚ್ಚಿದರೂ ಕೆರಳಿ ಕಚ್ಚುತ್ತದೆ, ನದಿ ಏರಿ ಮೊಟ್ಟೆಯಿಟ್ಟು ಸಾಯುತ್ತದೆ. ಮಾಂಸವೂ ಪೇಲವ. ಊಟಕ್ಕೆ ಬೇಕೆಂದರೆ ಜುಲೈ ಮೀನೇ ಸರಿ.

ಲೈಸೆನ್ಸ್ ಜೊತೆಗೆ ಗ್ರೇಟ್ ಲೇಕ್ಸ್ ಟ್ರೌಟ್ ಮತ್ತು ಸಾಲ್ಮನ್ ಸ್ಟಾಂಪ್ ಕೊಳ್ಳುವುದನ್ನು ಮರೆಯಬೇಡಿ, ಆ ಹಣ ಮರಿ ಸಾಕಣೆಗೆ ಹೋಗುತ್ತದೆ. ಸಿಕ್ಕ ಮೀನಿನ ಬೆನ್ನಿನ ಹಿಂಭಾಗದ ಪುಟ್ಟ ಮೆತ್ತನೆಯ ರೆಕ್ಕೆ ಕತ್ತರಿಸಿದ್ದರೆ ಅದು ಸಾಕಣೆ ಕೇಂದ್ರದಿಂದ ಬಂದದ್ದು. ಮೂತಿಯೊಳಗೆ ಸೂಜಿಮೊನೆಯಷ್ಟು ತಂತಿಯ ಗುರುತು ಇರಬಹುದು. ದಡದಲ್ಲಿ ಇಲಾಖೆಯವರು ತಲೆ ಕೇಳಿದರೆ ಸಂತೋಷದಿಂದ ಕೊಡಿ. ಎಷ್ಟು ಮರಿ ಬಿಡಬೇಕು, ಏಲ್‌ವೈಫ್ ಎಷ್ಟನ್ನು ಸಾಕಬಲ್ಲದು ಎಂಬ ಲೆಕ್ಕ ನಿಂತಿರುವುದು ಇಂಥ ಮಾಹಿತಿಯ ಮೇಲೆ. ಇನ್ನೊಂದು ಮನವಿ: ಬೇಸಿಗೆಯಲ್ಲಿ 80 ಅಡಿ ತಣ್ಣೀರಿನಿಂದ ಎಳೆದು 70 ಡಿಗ್ರಿಯ ಮೇಲ್ನೀರಿನಲ್ಲಿ ಹದಿನೈದು ನಿಮಿಷ ಸೆಣಸಿದ ಚಿನೂಕ್‌ನ್ನು ಬಿಟ್ಟರೂ ಅದು ಬದುಕುವ ಭರವಸೆ ಕಡಿಮೆ. ಬೇಕಾದಷ್ಟು ಸಿಕ್ಕಮೇಲೆ ಹಿಡಿದು ಬಿಡುವ ಆಟಕ್ಕೆ ಇಳಿಯದೆ ಗಾಳ ಸುತ್ತಿಡಿ.

ನಿಮ್ಮದು 20 ಅಡಿಯ ದೋಣಿ ಎಂಬುದನ್ನು ಎಂದೂ ಮರೆಯಬಾರದು. ಈ ಸರೋವರದ ಅಲೆ ಸಮುದ್ರದ ಅಲೆಗಿಂತ ಒತ್ತೊತ್ತಾಗಿ ಬರುತ್ತದೆ, ಒಂದರಿಂದ ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. 1967ರ ಸೆಪ್ಟೆಂಬರ್ 23ರಂದು, ಕೊಹೊ ಹುಚ್ಚು ಹೊಸದಾಗಿದ್ದ ಕಾಲದಲ್ಲಿ, ಎಚ್ಚರಿಕೆಯ ಬಾವುಟ ಹಾರುತ್ತಿದ್ದರೂ ನೂರಾರು ಸಣ್ಣ ದೋಣಿಗಳು ಮಿಷಿಗನ್ ದಡದ ಪ್ಲ್ಯಾಟ್ ಕೊಲ್ಲಿಯ ಸುತ್ತ ನೀರಿಗಿಳಿದಿದ್ದವು. ಬಿರುಗಾಳಿಗೆ ಸಿಕ್ಕು ಏಳು ಮಂದಿ ಸತ್ತರು. ನಿಮ್ಮ ದಡದಲ್ಲಿ ಪಶ್ಚಿಮದ ಗಾಳಿ ಮೋಸಗಾರ: ಬಂದರಿನಲ್ಲಿ ನೀರು ಸಮವಾಗಿ ಕಾಣುತ್ತದೆ, ಐದು ಮೈಲಿ ಆಚೆ ಹೋದಮೇಲೆ ಅಲೆ ಎದ್ದಿರುತ್ತದೆ, ವಾಪಸು ಬರುವುದು ಗಾಳಿಗೆ ಎದುರಾಗಿ. ಮೀನಿಗೆ ಒಳ್ಳೆಯ ಗಾಳಿ ದೋಣಿಗೂ ಒಳ್ಳೆಯದೆಂದು ಭಾವಿಸಬೇಡಿ. ಮುನ್ಸೂಚನೆಯಲ್ಲಿ ಎರಡಡಿಗಿಂತ ಹೆಚ್ಚಿನ ಅಲೆ ಇದ್ದರೆ ಮನೆಯಲ್ಲಿರಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಲಿ. ತಣ್ಣೀರೆದ್ದ ದಿನ ಜುಲೈನಲ್ಲೂ ಮೇಲ್ನೀರು 50 ಡಿಗ್ರಿಗೆ ಇಳಿದಿರುತ್ತದೆ, ಬಿದ್ದವರ ಕೈಕಾಲು ಕೆಲವೇ ನಿಮಿಷದಲ್ಲಿ ಸೋಲುತ್ತವೆ. ವಿಎಚ್‌ಎಫ್ ರೇಡಿಯೊ 16ನೇ ಚಾನೆಲ್‌ನಲ್ಲಿ ಸದಾ ತೆರೆದಿರಲಿ.

ಕೊನೆಗೆ ಮಕ್ಕಳ ಊಟ. ಕೊಡಬಹುದು, ಅಳತೆಯಲ್ಲಿ. ಈ ಸರೋವರದ ಮೀನಿನಲ್ಲಿ ಪಿಸಿಬಿ ಎಂಬ ಹಳೆಯ ಕೈಗಾರಿಕಾ ರಾಸಾಯನಿಕ ಉಳಿದಿದೆ. ಅಮೆರಿಕದಲ್ಲಿ ಅದರ ತಯಾರಿಕೆ 1970ರ ದಶಕದಲ್ಲೇ ನಿಂತರೂ ಕೆಸರಿನಿಂದ ಪುಟ್ಟ ಜೀವಿಗಳಿಗೆ, ಅಲ್ಲಿಂದ ಏಲ್‌ವೈಫ್‌ಗೆ, ಅಲ್ಲಿಂದ ಸಾಲ್ಮನ್‌ಗೆ ಏರುತ್ತಲೇ ಇದೆ. ಮೀನು ದೊಡ್ಡದಾದಷ್ಟೂ, ವಯಸ್ಸಾದಷ್ಟೂ, ಕೊಬ್ಬಿದಷ್ಟೂ ಹೆಚ್ಚು. ಹತ್ತಾರು ವರ್ಷ ಬದುಕುವ ಲೇಕ್ ಟ್ರೌಟ್‌ನಲ್ಲಿ ಅದಕ್ಕೇ ಹೆಚ್ಚು, ಎರಡು ಮೂರು ವರ್ಷದ ಕೊಹೊದಲ್ಲಿ ಕಡಿಮೆ. ಯಾವ ಜಾತಿ, ಎಷ್ಟು ಉದ್ದದ್ದನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂಬ ಪಟ್ಟಿಯನ್ನು ವಿಸ್ಕಾನ್ಸಿನ್ ರಾಜ್ಯ ಪ್ರಕಟಿಸುತ್ತದೆ, ಮಕ್ಕಳಿಗೂ ಗರ್ಭಿಣಿಯರಿಗೂ ಅದರಲ್ಲಿ ಬಿಗಿಯಾದ ಮಿತಿ ಇದೆ. ಆ ವರ್ಷದ ಪಟ್ಟಿಯನ್ನು ನೋಡಿ ಅದರಂತೆಯೇ ನಡೆಯಿರಿ. ಪಿಸಿಬಿ ಕೂರುವುದು ಕೊಬ್ಬಿನಲ್ಲಿ. ಆದ್ದರಿಂದ ಚರ್ಮ ಸುಲಿಯಿರಿ, ಬೆನ್ನಿನ ಮೇಲಿನ, ಹೊಟ್ಟೆಯ ಅಂಚಿನ ಕೊಬ್ಬನ್ನೂ ಪಕ್ಕೆಯುದ್ದಕ್ಕೂ ಹರಿಯುವ ಕಂದು ಪಟ್ಟಿಯನ್ನೂ ಕೊಯ್ದು ತೆಗೆಯಿರಿ. ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಕಬ್ಬಿಣದ ಜಾಲರಿಯ ಮೇಲೆ ಸುಡುವುದು ಒಳ್ಳೆಯದು. ಸಾರು ಮಾಡಿದರೆ ಅದೆಲ್ಲ ಪಾತ್ರೆಯಲ್ಲೇ ಉಳಿಯುತ್ತದೆ. ಪಾದರಸ ಮಾತ್ರ ಮಾಂಸದಲ್ಲೇ ಇರುತ್ತದೆ, ಹೀಗೆ ಕೊಯ್ದರೆ ಹೋಗುವುದಿಲ್ಲ, ಅದಕ್ಕೆ ಇರುವ ಉಪಾಯ ಚಿಕ್ಕ ಮೀನನ್ನು ಆರಿಸುವುದೊಂದೇ. ನಿಮ್ಮ ಮಕ್ಕಳ ತಟ್ಟೆಗೆ ಜೂನ್ ತಿಂಗಳ ಮೂರು ನಾಲ್ಕು ಪೌಂಡಿನ ಕೊಹೊ ಇರಲಿ. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಹರಿಸಿ, ಐಸಿನಲ್ಲಿ ಹೂತಿಟ್ಟು ಮನೆಗೆ ತನ್ನಿ.